ಹೈರೂಲ್‌ಗೆ ಹೋದರೆ ಕುದುರೆ ಮೇಲೇ ಹೋಗಿ

ಡ್ಯೂಲಿಂಗ್ ಪೀಕ್ಸ್ ಅಂತ ಒಂದು ಬೆಟ್ಟ ಇದೆ. ಬೆಟ್ಟ ಅನ್ನುವುದಕ್ಕಿಂತ ಎರಡು ಬೆಟ್ಟ ಅನ್ನಬೇಕು. ಯಾರೋ ಕತ್ತಿ ಹಿಡಿದು ಮೇಲಿಂದ ಕೆಳಗೆ ಒಂದೇ ಏಟಿಗೆ ಸೀಳಿದ ಹಾಗೆ ಎರಡು ಹೋಳಾಗಿ ಎದುರುಬದುರು ನಿಂತಿವೆ. ನಡುವೆ ಹೊಳೆ, ಹೊಳೆ ಪಕ್ಕದಲ್ಲಿ ಮಣ್ಣಿನ ದಾರಿ. ಆ ದಾರಿ ಹಿಡಿದು ಆಚೆ ಬದಿಗೆ ಬಂದರೆ ಹುಲ್ಲುಗಾವಲು. ಅಲ್ಲೊಂದು ದೊಡ್ಡ ಡೇರೆ, ಡೇರೆಯ ನೆತ್ತಿಯ ಮೇಲೆ ಮರದ ಕುದುರೆಯ ತಲೆ. ಅದು ಲಾಯ. ಸುತ್ತಲಿನ ಬಯಲಲ್ಲಿ ಕಾಡುಕುದುರೆಗಳು ಮೂರು ನಾಲ್ಕರ ಗುಂಪಾಗಿ ಮೇಯುತ್ತಿರುತ್ತವೆ.

ಈ ಊರು ಯಾವ ದೇಶದಲ್ಲೂ ಇಲ್ಲ. 2017ರ ಮಾರ್ಚ್ 3ರಂದು ನಿಂಟೆಂಡೊ ಕಂಪನಿ ಸ್ವಿಚ್ ಕನ್ಸೋಲ್ ಜೊತೆಗೇ ಬಿಡುಗಡೆ ಮಾಡಿದ 'ದ ಲೆಜೆಂಡ್ ಆಫ್ ಝೆಲ್ಡಾ: ಬ್ರೆತ್ ಆಫ್ ದ ವೈಲ್ಡ್' ಆಟದೊಳಗಿನ ರಾಜ್ಯ ಇದು. ಹೆಸರು ಹೈರೂಲ್. ನೂರು ವರ್ಷದ ಹಿಂದೆ ಹಾಳಾಗಿಹೋದ ರಾಜ್ಯ, ನೂರು ವರ್ಷ ಮಲಗಿದ್ದು ಈಗಷ್ಟೇ ಎದ್ದ ಲಿಂಕ್ ಅನ್ನುವ ಹುಡುಗ, ಕೋಟೆಯೊಳಗೆ ಒಬ್ಬಳೇ ಕೇಡನ್ನು ತಡೆಹಿಡಿದು ನಿಂತಿರುವ ರಾಜಕುಮಾರಿ ಝೆಲ್ಡಾ. ಕಥೆ ಅಷ್ಟೇ. ಮಿಕ್ಕಿದ್ದೆಲ್ಲ ಜಾಗ. ಆದ್ದರಿಂದಲೇ ಇದನ್ನು ಆಟದ ವಿಮರ್ಶೆಯ ಹಾಗೆ ಬರೆಯೋದು ಬಿಟ್ಟು ಪ್ರವಾಸದ ಹಾಗೆ ಬರೆಯುತ್ತಿದ್ದೇನೆ. ಕೊಡಗಿಗೆ ಹೋಗಿ ಬಂದವರು ಬರೆಯೋದಿಲ್ಲವೇ, ಹಾಗೆ.

ಮೊದಲು ಒಂದು ಮಾತು. ಹೈರೂಲ್ ಸುತ್ತೋಕೆ ಕುದುರೆ ಬೇಕೇ ಬೇಕು ಅಂತೇನೂ ಇಲ್ಲ. ಆಟದ ಮೊದಲ ಘಟ್ಟದಲ್ಲೇ ನಿಮ್ಮ ಸೊಂಟಕ್ಕೆ ಟ್ಯಾಬ್ಲೆಟ್‌ನಂಥ ಒಂದು ಹಲಗೆ ಬಂದಿರುತ್ತೆ. ರಾಜ್ಯದ ತುಂಬ 15 ಗೋಪುರಗಳಿವೆ, ಪುಟ್ಟ ಗುಡಿಗಳಂಥ ಶ್ರೈನ್‌ಗಳು 120 ಇವೆ. ಒಮ್ಮೆ ಮುಟ್ಟಿ ಬಂದ ಗೋಪುರ, ಶ್ರೈನ್ ಯಾವುದೇ ಇರಲಿ, ನಕ್ಷೆಯಲ್ಲಿ ಒತ್ತಿದರೆ ಮೈ ನೀಲಿ ಎಳೆಗಳಾಗಿ ಬಿಚ್ಚಿಕೊಂಡು ಕ್ಷಣದಲ್ಲಿ ಅಲ್ಲಿರುತ್ತೀರಿ. ಪೆಟ್ರೋಲ್ ಇಲ್ಲ, ಟ್ರಾಫಿಕ್ ಇಲ್ಲ. ಜೊತೆಗೆ ಯಾವ ಬಂಡೆಯನ್ನಾದರೂ ಹತ್ತಬಹುದು, ತುದಿಯಿಂದ ಬಟ್ಟೆಯ ರೆಕ್ಕೆ ಬಿಚ್ಚಿ ತೇಲಿಕೊಂಡು ಇಳಿಯಬಹುದು. ನಮ್ಮ ಮನೆಯಲ್ಲಿ ಇದೇ ಜಗಳ. ನನ್ನ ತಮ್ಮನಿಗೆ ಕುದುರೆ ಅಂದರೆ ನಗು. 'ಅಕ್ಕಾ, ಸುಮ್ನೆ ಟೈಮ್ ವೇಸ್ಟ್. ಟೆಲಿಪೋರ್ಟ್ ಇರುವಾಗ ಯಾರಾದ್ರೂ ಕುದುರೆ ಮೇಲೆ ಹೋಗ್ತಾರಾ? ಕುದುರೆ ಗುಡ್ಡ ಹತ್ತಲ್ಲ, ಕಮರಿ ಅಂಚಿಗೆ ಹೋದ್ರೆ ನಿಂತುಬಿಡುತ್ತೆ. ನೀನು ಶಿಳ್ಳೆ ಹಾಕ್ತಾ ಕೂತಿರು.'

ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿಲ್ಲ. ಆದರೂ ನಾನು ಕುದುರೆ ಕಡೆಯವಳು.

ಹಿಡಿಯೋದರಿಂದ ಶುರು ಮಾಡೋಣ. ಈ ಆಟದಲ್ಲಿ ಕುದುರೆಯನ್ನು ಯಾರೂ ಕೈಗೆ ತಂದುಕೊಡುವುದಿಲ್ಲ. ಬಯಲಿಗೆ ಹೋಗಿ ಹಿಂದಿನಿಂದ ಬಗ್ಗಿ ಬಗ್ಗಿ ಸದ್ದಿಲ್ಲದೆ ಹತ್ತಿರ ಹೋಗಬೇಕು. ಕಿವಿ ನಿಮಿರಿತೋ, ನಿಲ್ಲಬೇಕು. ಹಿಂಗಾಲಿನ ತೀರಾ ಹತ್ತಿರ ತಡಮಾಡಿದರೆ ಒದೆ ಬೀಳುತ್ತೆ. ಹತ್ತಿದ ಮೇಲೆ ಅದು ಬಕ್ಕಬಕ್ಕನೆ ಹಾರುತ್ತೆ, ಕೆಡವೋಕೆ ನೋಡುತ್ತೆ. ಆಗ ನೀವು ಎಡಗಡೆಯ ಗುಂಡಿಯನ್ನು ಒತ್ತುತ್ತಲೇ ಇರಬೇಕು. ಆ ಗುಂಡಿಗೆ ಇರುವ ಕೆಲಸ ಹೊಡೆಯೋದಲ್ಲ, ಕುತ್ತಿಗೆ ಸವರೋದು. ನಿಮ್ಮ ಮೈಕಸುವು ಮುಗಿಯೋದರೊಳಗೆ ಅದು ಶಾಂತವಾದರೆ ಗೆದ್ದಿರಿ. ಇಲ್ಲವಾದರೆ ನೆಲಕ್ಕೆ ಬೀಳುತ್ತೀರಿ, ಅದು ಬಯಲಿನ ಆಚೆ ತುದಿಗೆ ಓಡಿರುತ್ತೆ.

ಕುದುರೆಯ ಬಣ್ಣ ನೋಡಿಯೇ ಸ್ವಭಾವ ಹೇಳಬಹುದು. ಮೈಮೇಲೆ ಮಚ್ಚೆ ಇರುವವು ಸಾಮಾನ್ಯವಾಗಿ ಸಾಧು, ಬೇಗ ಒಲಿಯುತ್ತವೆ, ಆದರೆ ವೇಗ, ಶಕ್ತಿ ಕಡಿಮೆ. ಒಂದೇ ಬಣ್ಣದವು ಬಲಶಾಲಿ, ಹಾಗೇ ಮೊಂಡು. ನನಗೆ ಸಿಕ್ಕಿದ್ದು ಮೊದಲ ಜಾತಿಯದು. ಕಂದು ಮೈ, ಬೆನ್ನ ಮೇಲೆ ಬಿಳಿ ಮಚ್ಚೆ. ಲಾಯಕ್ಕೆ ನಡೆಸಿಕೊಂಡು ಹೋಗಿ ಹೆಸರು ಬರೆಸಿದೆ. ಜೀನು, ಲಗಾಮು, ನೋಂದಣಿ ಎಲ್ಲ ಸೇರಿ 20 ರುಪೀ. ಹೌದು, ಹೈರೂಲ್‌ನ ಹಣದ ಹೆಸರೂ ರುಪೀ. ನೋಟಲ್ಲ, ನಾಣ್ಯವಲ್ಲ, ಬಣ್ಣಬಣ್ಣದ ಹರಳು. ಹೆಸರು ಏನಿಡ್ತೀರಿ ಅಂತ ಲಾಯದವನು ಕೇಳಿದ. ಕೀಬೋರ್ಡಿನಲ್ಲಿ ಕನ್ನಡ ಇಲ್ಲ, ಇಂಗ್ಲಿಷ್ ಅಕ್ಷರದಲ್ಲೇ 'ಚುಕ್ಕಿ' ಅಂತ ಬರೆದೆ.

ಇಲ್ಲಿಂದ ಮುಂದಿನದು ನನಗೆ ತುಂಬ ಇಷ್ಟವಾದ ಭಾಗ. ನೋಂದಣಿ ಆದಕೂಡಲೇ ಕುದುರೆ ನಿಮ್ಮದಾಗಿಬಿಡೋದಿಲ್ಲ. ಎಡಕ್ಕೆ ತಿರುಗಿಸಿದರೆ ಚುಕ್ಕಿ ಸ್ವಲ್ಪ ಹೊತ್ತು ತಿರುಗುತ್ತಾಳೆ, ಆಮೇಲೆ ತನಗೆ ಬೇಕಾದ ಕಡೆ ಎಳೆಯುತ್ತಾಳೆ. ಜೋರಾಗಿ ಓಡು ಅಂದರೆ ಓಡುತ್ತಾಳೆ, ಮರುಕ್ಷಣ ಬೇರೆ ದಿಕ್ಕು. ಮೊದಮೊದಲು ಆಟ ಕೆಟ್ಟಿದೆಯೇನೋ ಅನ್ನಿಸುತ್ತೆ. ಕೆಟ್ಟಿಲ್ಲ, ಹಾಗೇ ಮಾಡಿದ್ದಾರೆ. ದಾರಿ ತಪ್ಪಿದ ಕುದುರೆಯನ್ನು ಮತ್ತೆ ದಾರಿಗೆ ತಂದು, ಮಾತು ಕೇಳಿದ ಆ ಕ್ಷಣಕ್ಕೆ ಕುತ್ತಿಗೆ ಸವರಬೇಕು. ಆಗ ನಂಟಿನ ಗೆರೆ ಒಂಚೂರು ಬೆಳೆಯುತ್ತೆ. ಇಳಿದು ಎದುರು ನಿಂತು ಸೇಬು ತಿನ್ನಿಸಿದರೂ ಬೆಳೆಯುತ್ತೆ. ಒಂದು ದಿನ, ಯಾವ ದಿನ ಅಂತ ಗಮನಿಸಿರೋದಿಲ್ಲ, ಅವಳು ಎಳೆಯೋದು ನಿಂತಿರುತ್ತೆ. ಆಮೇಲೆ ರಸ್ತೆಯ ಮೇಲೆ ಬಿಟ್ಟರೆ ಸಾಕು, ನೀವು ಕೈ ಆಡಿಸದಿದ್ದರೂ ತಿರುವುಗಳನ್ನು ತಾನೇ ನೋಡಿಕೊಂಡು ಹೋಗುತ್ತಾಳೆ. ನೀವು ಸುತ್ತ ನೋಡಬಹುದು.

ಸುತ್ತ ನೋಡೋದು. ಇಡೀ ವಾದ ಇರೋದು ಇದೊಂದರಲ್ಲೇ.

ಡ್ಯೂಲಿಂಗ್ ಪೀಕ್ಸ್ ಲಾಯದಿಂದ ಪೂರ್ವಕ್ಕೆ ಹಟೇನೋ ಅನ್ನುವ ಹಳ್ಳಿಗೆ ಒಂದು ದಾರಿ ಹೋಗುತ್ತೆ. ಟೆಲಿಪೋರ್ಟ್ ಮಾಡಿದವರಿಗೆ ಹಟೇನೋ ಅಂದರೆ ಗಾಳಿಯಂತ್ರ ತಿರುಗುವ, ಗುಡ್ಡದ ಮೇಲೆ ಪ್ರಯೋಗಾಲಯ ಇರುವ ಒಂದು ಚೆಂದದ ಹಳ್ಳಿ. ಕುದುರೆ ಮೇಲೆ ಹೋದವರಿಗೆ ಬೇರೆ. ಮೊದಲು ಲಾಯದ ಹೊಗೆ ಹಿಂದಾಗುತ್ತೆ. ಆಮೇಲೆ ಬಯಲು ಜೌಗಾಗುತ್ತೆ. ಅಲ್ಲಿ ಹುಲ್ಲು, ಪಾಚಿ ಮುಚ್ಚಿದ ದೊಡ್ಡ ದೊಡ್ಡ ದಿಣ್ಣೆಗಳು. ಹತ್ತಿರ ಹೋದಾಗ ಗೊತ್ತಾಗುತ್ತೆ, ಅವು ದಿಣ್ಣೆಗಳಲ್ಲ, ಗಾರ್ಡಿಯನ್‌ಗಳು. ನೂರು ವರ್ಷದ ಹಿಂದೆ ರಾಜ್ಯವನ್ನು ಕಾಯಬೇಕಿದ್ದು, ತಿರುಗಿಬಿದ್ದು ರಾಜ್ಯವನ್ನೇ ಸುಟ್ಟ ಯಂತ್ರಗಳು. ಡಜನ್‌ಗಟ್ಟಲೆ ಸತ್ತು ಬಿದ್ದಿವೆ. ಕೆಲವು ಕೋಟೆಗೋಡೆಯನ್ನು ಹತ್ತುತ್ತಿದ್ದ ಹಾಗೇ ನಿಂತಿವೆ. ಗೋಡೆ ದಾಟಿದರೆ ಮತ್ತೆ ಮರಗಳು, ನೆರಳು, ಆಮೇಲೆ ಹಳ್ಳಿ. ಅಂದರೆ ಆ ಹಳ್ಳಿ ಉಳಿದಿರೋದು ಆ ಗೋಡೆ ಉಳಿದದ್ದಕ್ಕೆ. ಇದನ್ನು ಯಾರೂ ನಿಮಗೆ ಬಾಯಿಬಿಟ್ಟು ಹೇಳಬೇಕಿಲ್ಲ, ದಾರಿಯೇ ಹೇಳುತ್ತೆ. ಲಿಂಕ್ ನೂರು ವರ್ಷದ ಹಿಂದೆ ಬಿದ್ದ ಜಾಗವೂ ಇದೇ ಬಯಲು ಅಂತ ಎಷ್ಟೋ ಗಂಟೆಗಳ ನಂತರ ಕಥೆಯಲ್ಲಿ ಬರುತ್ತೆ. ಅಷ್ಟರಲ್ಲಿ ಚುಕ್ಕಿ ಮೇಲೆ ನಾನು ಅದನ್ನು ಐದಾರು ಸಲ ದಾಟಿದ್ದೆ.

ಈ ಆಟದಲ್ಲಿ ಒಂದು ದಿನ ಅಂದರೆ ನಮ್ಮ 24 ನಿಮಿಷ. ಹೀಗಾಗಿ ಒಂದು ಉದ್ದನೆಯ ಸವಾರಿಯಲ್ಲಿ ಬೆಳಗು, ಮಧ್ಯಾಹ್ನ, ಸಂಜೆ ಮೂರೂ ಸಿಗುತ್ತವೆ. ಸಂಗೀತ ಹೆಚ್ಚಿಲ್ಲ. ಗಾಳಿ, ಹುಲ್ಲು, ಗೊರಸಿನ ಸದ್ದು, ಅಲ್ಲೊಂದು ಇಲ್ಲೊಂದು ಪಿಯಾನೋ ಮಣಿ. ಕುದುರೆ ಓಡೋಕೆ ಶುರುವಾದ ಮೇಲೆ ಪಿಯಾನೋ ಸ್ವಲ್ಪ ಚುರುಕಾಗುತ್ತೆ. ರಾತ್ರಿ ಹೊತ್ತು ಸಾಕಷ್ಟು ದೂರ ಸವಾರಿ ಮಾಡಿದರೆ ಒಂದು ವಿಶೇಷ ಇದೆ. 1986ರ ಮೊದಲ ಝೆಲ್ಡಾದಿಂದಲೂ ಬಂದಿರುವ ಮುಖ್ಯ ರಾಗವನ್ನೇ, ಗುರುತು ಸಿಗದಷ್ಟು ನಿಧಾನ ಮಾಡಿ ನುಡಿಸುತ್ತಾರೆ. ನಡೆದು ಹೋಗುವವರಿಗೆ ಅದು ಕೇಳಿಸೋದಿಲ್ಲ. ತಮ್ಮನಿಗೆ ಹೇಳಿದೆ. 'ಯೂಟ್ಯೂಬಲ್ಲಿ ಕೇಳ್ತೀನಿ ಬಿಡು' ಅಂದ.

ಮಳೆಯ ಬಗ್ಗೆಯೂ ಹೇಳಬೇಕು. ಬ್ರೆತ್ ಆಫ್ ದ ವೈಲ್ಡ್ ಆಡಿದವರೆಲ್ಲ ಒಂದಲ್ಲ ಒಂದು ಸಲ ಮಳೆಗೆ ಬೈದಿರುತ್ತಾರೆ. ಮಳೆ ಬಂದರೆ ಬಂಡೆ ಜಾರುತ್ತೆ, ಹತ್ತೋಕೆ ಆಗಲ್ಲ. ಅರ್ಧ ಬೆಟ್ಟದಲ್ಲಿ ಚಾಚಿದ ಕಲ್ಲಿನ ಮೇಲೆ ನಿಂತು, ಜೂನ್ ತಿಂಗಳಲ್ಲಿ ಬಸ್ ಸ್ಟಾಪಿನಡಿ ನಿಂತವರ ಹಾಗೆ ಆಕಾಶ ನೋಡುತ್ತ ಕಾಯಬೇಕು. ಕುದುರೆಗೆ ಮಳೆಯ ಪರಿವೆಯೇ ಇಲ್ಲ. ಮಳೆ ಶುರುವಾದ ಕೂಡಲೇ ನಾನು ಬೆಟ್ಟದ ಯೋಜನೆ ಬಿಟ್ಟು ರಸ್ತೆಗಿಳಿಯುತ್ತಿದ್ದೆ. ನನ್ನ ಹೈರೂಲ್‌ನ ಅರ್ಧಕ್ಕರ್ಧ ಪರಿಚಯ ಆದದ್ದು ಮಳೆಯಲ್ಲೇ.

ಇಷ್ಟು ದೂರದ ಲೋಕವನ್ನು ಅಳೆದದ್ದು ಹೇಗೆ ಅನ್ನುವುದಕ್ಕೆ ಒಂದು ನಿಜವಾದ ಊರಿನ ಕಥೆ ಇದೆ. ನಿಂಟೆಂಡೊ ಹುಟ್ಟಿದ್ದು ಜಪಾನಿನ ಕ್ಯೋಟೊದಲ್ಲಿ, 1889ರಲ್ಲಿ, ಹನಾಫುದಾ ಅನ್ನುವ ಇಸ್ಪೀಟಿನಂಥ ಎಲೆಗಳನ್ನು ಮಾಡುವ ಅಂಗಡಿಯಾಗಿ. ಈಗಲೂ ಕೇಂದ್ರ ಕಚೇರಿ ಅಲ್ಲೇ. ಈ ಆಟದ ನಿರ್ದೇಶಕ ಹಿದೆಮಾರೋ ಫುಜಿಬಯಾಶಿ ಕ್ಯೋಟೊದವರು. ಆಟದ ನಕ್ಷೆ ಎಷ್ಟು ದೊಡ್ಡದಿರಬೇಕು ಅಂತ ತಿಳಿಯೋಕೆ ಅವರು ಕ್ಯೋಟೊ ನಕ್ಷೆಯನ್ನು ಅದರ ಮೇಲಿಟ್ಟು ನೋಡಿದರಂತೆ. ತನಗೆ ಗೊತ್ತಿರುವ ಈ ಜಾಗದಿಂದ ಆ ಜಾಗಕ್ಕೆ ಹೋಗೋಕೆ ಎಷ್ಟು ಹೊತ್ತಾಗುತ್ತೆ, ದಾರಿಯಲ್ಲಿ ಏನೇನು ಸಿಗುತ್ತೆ ಅನ್ನುವ ಅಂದಾಜಿನ ಮೇಲೆ ಹೈರೂಲ್‌ನ ದೂರಗಳನ್ನು ಕೂರಿಸಿದರಂತೆ. ನನಗಂತೂ ಇದನ್ನು ಓದಿದಾಗ ತಟ್ಟನೆ ಅರ್ಥವಾಯಿತು. ಇಲ್ಲಿಯ ದೂರ ಕಿಲೋಮೀಟರಿನದಲ್ಲ, ಊರಿನವರ ದೂರ. 'ಆಲದಮರ ದಾಟಿ, ಕೆರೆ ಏರಿ ಮೇಲೆ ಹೋದ್ರೆ ಸಿಗುತ್ತೆ' ಅನ್ನುತ್ತೇವಲ್ಲ, ಆ ಲೆಕ್ಕ. ಮೊದಲ ಝೆಲ್ಡಾ ಮಾಡಿದ ಶಿಗೆರು ಮಿಯಾಮೊಟೊ ಕೂಡ ಕ್ಯೋಟೊ ಹತ್ತಿರದ ಸೊನೊಬೆ ಅನ್ನುವ ಊರಲ್ಲಿ ಚಿಕ್ಕಂದಿನಲ್ಲಿ ಗುಡ್ಡ, ಕಾಡು, ಗವಿ ಅಂತ ಅಲೆದವರೇ.

ಝೆಲ್ಡಾ ಆಟಗಳಿಗೆ ಕುದುರೆ ಬಂದದ್ದು ಇನ್ನೊಂದು ಸಂದರ್ಭದಲ್ಲಿ. 1998ರ 'ಓಕರೀನಾ ಆಫ್ ಟೈಮ್'. ಅದರಲ್ಲಿ ಲಾನ್ ಲಾನ್ ಅನ್ನುವ ಕುದುರೆ ಫಾರ್ಮ್, ಅಲ್ಲಿ ಮೇಲನ್ ಅನ್ನುವ ಹುಡುಗಿ, ಅವಳು ಹಾಡುವ ಹಾಡಿಗೆ ಮಾತ್ರ ಹತ್ತಿರ ಬರುವ ಎಪೋನಾ ಅನ್ನುವ ಮರಿಕುದುರೆ. ಏಳು ವರ್ಷ ಕಳೆದು ಲಿಂಕ್ ಹಿಂತಿರುಗಿದಾಗ ಫಾರ್ಮ್ ಬೇರೆಯವನ ಕೈಯಲ್ಲಿದೆ. ಪಂದ್ಯ ಕಟ್ಟಿ ಗೆದ್ದರೆ ಎಪೋನಾ ನಿನ್ನದು ಅನ್ನುತ್ತಾನೆ, ಗೆದ್ದ ಮೇಲೆ ಗೇಟು ಹಾಕಿಬಿಡುತ್ತಾನೆ. ಬೇಲಿ ಹಾರಿಯೇ ಹೊರಗೆ ಬರಬೇಕು. ಆ ಜಿಗಿತವನ್ನು ನೆನೆಸಿಕೊಂಡರೆ ಈಗ ನಲವತ್ತರ ಹತ್ತಿರ ಇರುವವರ ಕಣ್ಣು ತುಂಬುವುದನ್ನು ನೋಡಿದ್ದೇನೆ. ಎಪೋನಾ ಅನ್ನುವ ಹೆಸರನ್ನು ತಂಡದಲ್ಲಿದ್ದ ಯೋಶಿಯಾಕಿ ಕೊಯಿಜುಮಿ ಇಟ್ಟದ್ದು. ಅದು ಹಳೆಯ ಕೆಲ್ಟ್ ಜನರ ಕುದುರೆ ದೇವತೆಯ ಹೆಸರು. ರೋಮನ್ ಸೈನ್ಯದ ಅಶ್ವದಳದವರೂ ಪೂಜಿಸುತ್ತಿದ್ದ ದೇವತೆ.

ಬ್ರೆತ್ ಆಫ್ ದ ವೈಲ್ಡ್‌ನ ಹೈರೂಲ್ ಬಯಲಿನಲ್ಲಿ ಒಂದು ಹಾಳು ಫಾರ್ಮ್ ಇದೆ. ನಕ್ಷೆಯಲ್ಲಿ ಬರೀ 'ರ‍್ಯಾಂಚ್ ರೂಯಿನ್ಸ್' ಅಂತ ಬರೆದಿದ್ದಾರೆ. ಸುಟ್ಟ ತೊಲೆಗಳು, ಅರ್ಧ ಗೋಡೆ, ನಡುವೆ ದುಂಡನೆಯ ಬಯಲು. ಓಕರೀನಾ ಆಡಿದವರು ಆ ವಿನ್ಯಾಸವನ್ನು ನೋಡಿದ ಕೂಡಲೇ ಲಗಾಮು ಎಳೆಯುತ್ತಾರೆ. ಅದು ಲಾನ್ ಲಾನ್. ಹೆಸರು ಹೇಳೋಕೂ ಯಾರೂ ಉಳಿದಿಲ್ಲ. ಹತ್ತಿರದಲ್ಲಿ ಜೀವ ಇರುವ ಗಾರ್ಡಿಯನ್ ಓಡಾಡುತ್ತಿರುತ್ತೆ, ಹೆಚ್ಚು ಹೊತ್ತು ನಿಲ್ಲೋಕೂ ಆಗಲ್ಲ.

ಆ ಬಯಲಿನಲ್ಲೇ ತಮ್ಮನ ಕುದುರೆ ಸತ್ತಿತು.

ಅವನೂ ಒಂದು ಹಿಡಿದಿದ್ದ, ಅಚ್ಚ ಕಪ್ಪು ಬಣ್ಣದ್ದು, ವೇಗಕ್ಕೆ ನಾಲ್ಕು ನಕ್ಷತ್ರ. 'ಹಿಡಿದು ನೋಡೋಣ ಅಂತ ಹಿಡಿದೆ' ಅಂದಿದ್ದ. ಹೆಸರು ಕೂಡ ಸರಿಯಾಗಿ ಇಟ್ಟಿರಲಿಲ್ಲ, ಬಾಯಿಗೆ ಬಂದ ನಾಲ್ಕು ಅಕ್ಷರ. ಕೋಟೆಯ ಕಡೆ ನುಗ್ಗಿಸುತ್ತಿದ್ದಾಗ ಕೆಂಪು ಗೆರೆಯೊಂದು ಬಂದು ಮೈಮೇಲೆ ನಿಂತಿತು. ಗಾರ್ಡಿಯನ್ ಗುರಿ ಇಡೋದು ಹಾಗೆ. ಬೀಪ್ ಬೀಪ್ ಅನ್ನುವ ಸದ್ದು, ಆ ಅವಸರದ ಪಿಯಾನೋ, ಬೆಳಕು. ಲಿಂಕ್ ಒಂದು ಕಡೆ ಬಿದ್ದ, ಕುದುರೆ ಇನ್ನೊಂದು ಕಡೆ. ಲಿಂಕ್ ಎದ್ದ. ಪಕ್ಕದ ರೂಮಿನಲ್ಲಿ ಆಫೀಸ್ ಕಾಲ್ ಮುಗಿಸಿ ಬಂದ ನನಗೆ ಕಂಡದ್ದು, ಸೋಫಾ ಮೇಲೆ ಕಂಟ್ರೋಲರ್ ಹಿಡಿದು ಸುಮ್ಮನೆ ಕೂತ ತಮ್ಮ. ಅವನು ಆಟದಲ್ಲಿ ಎಷ್ಟು ಸಲ ಸತ್ತಿಲ್ಲ? ನೂರು ಸಲ. ನಕ್ಕು ಮತ್ತೆ ಶುರು ಮಾಡುತ್ತಿದ್ದ. ಇದು ಹಾಗಲ್ಲ ಅಂತ ಅವನ ಮುಖ ಹೇಳುತ್ತಿತ್ತು. ಲಿಂಕ್ ಸತ್ತರೆ ಆಟ ನಿಮ್ಮನ್ನು ಹಿಂದಕ್ಕೆ ಕರೆದೊಯ್ದು ಮತ್ತೆ ನಿಲ್ಲಿಸುತ್ತೆ. ಕುದುರೆ ಸತ್ತರೆ ಆಟ ಮುಂದೆ ಹೋಗುತ್ತೆ, ಕುದುರೆ ಇರಲ್ಲ.

'ಹಳೇ ಸೇವ್ ಲೋಡ್ ಮಾಡು' ಅಂದೆ. ಅದು ತುಂಬ ಹಿಂದಿನದಂತೆ, ಬೇಡ ಅಂದ. ಸ್ವಲ್ಪ ಹೊತ್ತು ಬಿಟ್ಟು, 'ಏನೋ ಕುದುರೆ ದೇವರು ಇದೆಯಂತಲ್ಲ?' ಅಂತ ತಾನೇ ಕೇಳಿದ.

ಇದೆ. ಹೆಸರು ಮಲಾನಿಯ. ದಕ್ಷಿಣದ ಫರೋನ್ ಸೀಮೆಯಲ್ಲಿ, ಹೈಲ್ಯಾಂಡ್ ಲಾಯದಿಂದ ಮುಂದೆ ಹೋದರೆ ಕುದುರೆ ದೇವರ ಸೇತುವೆ, ಅದರಾಚೆ ಕುದುರೆ ದೇವರ ಕೆರೆ. ಅಲ್ಲಿ ಮುಚ್ಚಿಕೊಂಡ ದೊಡ್ಡ ಮೊಗ್ಗಿನಂಥದ್ದು ಇದೆ, ಅದರೊಳಗೆ ದೇವರು. ಎಬ್ಬಿಸೋಕೆ 1000 ರುಪೀ ಕಾಣಿಕೆ. ಲಾಯದಲ್ಲಿ ಒಂದು ರಾತ್ರಿಯ ಮಾಮೂಲಿ ಹಾಸಿಗೆಗೆ 20 ರುಪೀ ಅಂದರೆ ಸಾವಿರ ಎಷ್ಟು ದೊಡ್ಡ ಮೊತ್ತ ಲೆಕ್ಕ ಹಾಕಿ. ಎರಡು ರಾತ್ರಿ, ನಮ್ಮ ನಿಜವಾದ ಎರಡು ರಾತ್ರಿ, ತಮ್ಮ ಬೇಟೆಯಾಡಿ ಮಾಂಸವನ್ನು ಕಡ್ಡಿಗೆ ಚುಚ್ಚಿ ಸುಟ್ಟು ಮಾರಿದ. ಬಂಡೆ ಒಡೆದು ಸಿಕ್ಕ ಹರಳುಗಳನ್ನು ಮಾರಿದ. ಜೀರುಂಡೆ ಆಕಾರದ ದೊಡ್ಡ ಗಂಟು ಹೊತ್ತು ಲಾಯದಿಂದ ಲಾಯಕ್ಕೆ ಅಲೆಯುವ ಬೀಡಲ್ ಅನ್ನುವ ವ್ಯಾಪಾರಿ ಒಬ್ಬನಿದ್ದಾನೆ. ಅವನ ಹತ್ತಿರ ಚೌಕಾಸಿ ಮಾಡೋಕೆ ಆಗಲ್ಲ ಅಂತ ಬೈದುಕೊಂಡ. ಟೆಲಿಪೋರ್ಟ್ ಮಾಡುವ ಹುಡುಗ, ಫರೋನ್‌ನ ಆ ಜಾಗಕ್ಕೆ ಇನ್ನೂ ಹೋಗಿರಲಿಲ್ಲವಾದ್ದರಿಂದ, ಗುಡುಗು ಮಳೆಯ ಆ ಕಾಡಿನ ಅಂಚಲ್ಲಿ ನಡೆದೇ ಹೋದ.

ಮೊಗ್ಗು ಒಡೆದು ಎದ್ದು ಬಂದ ದೇವರು ನಮ್ಮ ಕ್ಯಾಲೆಂಡರ್ ದೇವರಂತಲ್ಲ. ಮುಖಕ್ಕೆ ವಿಚಿತ್ರ ಮುಖವಾಡ, ಬೊಂಬೆಯಂಥ ಅಂಗಾಂಗ, ಸ್ವಲ್ಪ ಭಯ ಹುಟ್ಟಿಸುವಂಥ ಮಾತು. ಕುದುರೆಯನ್ನು ಕಾಪಾಡದವನನ್ನು ದೇವರು ಗದರುತ್ತೆ. ಆಮೇಲೆ ಕೊಡುತ್ತೆ. ತಮ್ಮ ಕುದುರೆ ಹತ್ತಿ ಸೇತುವೆ ದಾಟಿದ. ಅವತ್ತಿನ ಮಟ್ಟಿಗೆ ಟೆಲಿಪೋರ್ಟ್ ಗುಂಡಿ ಒತ್ತಲಿಲ್ಲ. ನಾನೂ ಏನೂ ಅನ್ನಲಿಲ್ಲ, ಅಂದಿದ್ದರೆ ಖಂಡಿತ ಒತ್ತುತ್ತಿದ್ದ.

ಬೇರೆ ಆಟಗಳಲ್ಲಿ ಕುದುರೆ ಇಲ್ಲವೇ? ಬೇಕಾದಷ್ಟಿವೆ. 2011ರ 'ಸ್ಕೈರಿಮ್' ಕುದುರೆ ಗೋಡೆಯಂಥ ಬೆಟ್ಟವನ್ನೂ ಹಲ್ಲಿಯ ಹಾಗೆ ಹತ್ತುತ್ತೆ, ನೋಡಿ ನಗಬೇಕು. ಅದಕ್ಕೂ ಮುಂಚೆ, 2006ರಲ್ಲಿ, 'ಒಬ್ಲಿವಿಯನ್' ಆಟದ ಕುದುರೆಗೆ ಕವಚ ಬೇಕಿದ್ದರೆ ಎರಡೂವರೆ ಡಾಲರ್ ಬೇರೆ ಕೊಡಿ ಅಂದಿದ್ದರು. ಆಟದೊಳಗೆ ಚಿಲ್ಲರೆ ಚಿಲ್ಲರೆಯಾಗಿ ದುಡ್ಡು ಕೀಳುವ ಈಗಿನ ಚಾಳಿಯ ಮಾತು ಬಂದಾಗ ಇಂದಿಗೂ ಆ ಕವಚವನ್ನೇ ಎತ್ತಿ ಆಡುತ್ತಾರೆ. 2015ರ 'ವಿಚರ್ 3'ರಲ್ಲಿ ಗೆರಾಲ್ಟ್ ತನ್ನ ಕುದುರೆಯನ್ನು ರೋಚ್ ಅನ್ನುತ್ತಾನೆ. ಯಾವ ಕುದುರೆ ಇದ್ದರೂ ಅವನಿಗೆ ಅದು ರೋಚೇ. ಅದು ಒಮ್ಮೊಮ್ಮೆ ಮನೆಯ ಮಾಡಿನ ಮೇಲೆ ಪ್ರತ್ಯಕ್ಷವಾಗುತ್ತಿದ್ದ ದೋಷವನ್ನು ಆಟದವರೇ ತಮಾಷೆ ಮಾಡಿಕೊಂಡರು. 2022ರ 'ಎಲ್ಡನ್ ರಿಂಗ್'ನಲ್ಲಿ ಟೊರೆಂಟ್ ಇದೆ. ಶಿಳ್ಳೆ ಊದಿದ ಕ್ಷಣ ಕಾಲ ಕೆಳಗೇ ಮೂಡುತ್ತೆ, ಗಾಳಿಯಲ್ಲೇ ಇನ್ನೊಂದು ಜಿಗಿತ ಜಿಗಿಯುತ್ತೆ. ಅನುಕೂಲ ಅಂದರೆ ಅನುಕೂಲ. ಆದರೆ ಕರೆದ ತಕ್ಷಣ ಬರುವುದಕ್ಕೆ ಕಾಯುವ ಮಾತೇ ಇಲ್ಲ, ಕಾಯದಿದ್ದ ಮೇಲೆ ಬಂದ ಸಂತೋಷವೂ ಇಲ್ಲ. ನನಗೆ ಚುಕ್ಕಿಗೆ ಹತ್ತಿರದ ನೆಂಟ ಅನ್ನಿಸಿದ್ದು 2005ರ 'ಶ್ಯಾಡೋ ಆಫ್ ದ ಕೊಲೋಸಸ್'ನ ಆಗ್ರೊ ಒಂದೇ. ಅದೂ ಹೇಳಿದ್ದನ್ನೆಲ್ಲ ಕೇಳೋದಿಲ್ಲ, ತನ್ನ ತಲೆಯನ್ನೂ ಉಪಯೋಗಿಸುತ್ತೆ.

ಹೈರೂಲ್‌ನಲ್ಲಿ ಶಿಳ್ಳೆ ಹಾಕಿದರೆ ಕೇಳಿಸುವಷ್ಟು ಹತ್ತಿರ ಇದ್ದರೆ ಮಾತ್ರ ಕುದುರೆ ಬರುತ್ತೆ. ಬೆಟ್ಟ ಹತ್ತಿ ಆಚೆ ಇಳಿದರೆ ಮುಗಿಯಿತು. ಇದಕ್ಕೆ ಪರಿಹಾರ ಅಂತ 2017ರ ಡಿಸೆಂಬರ್‌ನಲ್ಲಿ ಬಂದ ಹೆಚ್ಚುವರಿ ಕಂತಿನಲ್ಲಿ ಒಂದು ಪುರಾತನ ಜೀನು ಕೊಟ್ಟರು, ಅದನ್ನು ಹಾಕಿದರೆ ಎಲ್ಲಿಂದ ಕರೆದರೂ ಕುದುರೆ ಬಂದು ನಿಲ್ಲುತ್ತೆ. ನಾನು ಅದನ್ನು ಹುಡುಕೋಕೆ ಹೋಗಲಿಲ್ಲ. ಎಲ್ಲಿ ಇಳಿಯಬೇಕು, ಎಲ್ಲಿ ಬಿಡಬೇಕು, ಸಂಜೆಗೆ ಎಲ್ಲಿಗೆ ವಾಪಸ್ ಬರಬೇಕು ಅನ್ನುವ ಲೆಕ್ಕಾಚಾರ ಹೋಗಿಬಿಟ್ಟರೆ ಪ್ರವಾಸದಲ್ಲಿ ಉಳಿಯೋದೇನು? ಗೆರುಡೊ ಮರಳುಗಾಡಿಗೆ ಕುದುರೆ ಬರೋದಿಲ್ಲ, ಕಣಿವೆಯ ಲಾಯದಲ್ಲಿ ಬಿಟ್ಟು ಹೋಗಬೇಕು. ಅಲ್ಲಿ ಮರಳಿನ ಮೇಲೆ ಈಜುವ ಸೀಲ್‌ಗಳನ್ನು ಹಿಡಿದು ಜಾರಿಕೊಂಡು ಹೋಗಬಹುದು, ಅದರ ಮಜಾನೇ ಬೇರೆ. ಬೆಂಕಿ ಉಗುಳುವ ಡೆತ್ ಮೌಂಟನ್‌ಗೂ ಅಷ್ಟೇ, ಬುಡದ ಲಾಯದವರೆಗೆ ಮಾತ್ರ. ಹಾಗೆ ಬಿಟ್ಟು ಹೋದ ಕುದುರೆಯನ್ನು ರಾಜ್ಯದ ಯಾವ ಲಾಯದಲ್ಲಿ ಬೇಕಾದರೂ ಬಿಡಿಸಿಕೊಳ್ಳಬಹುದು. ಹೇಗೆ ಅಲ್ಲಿಗೆ ಬಂತು ಅಂತ ಕೇಳಬೇಡಿ, ಲಾಯದವರೂ ಹೇಳಲ್ಲ.

ಆದರೆ ಲಾಯದಲ್ಲಿ ಜಾಗ ಐದಕ್ಕೆ ಮಾತ್ರ. ನನಗೆ ಕಷ್ಟ ಬಂದದ್ದು ಇಲ್ಲೇ.

ಕೊಲೋಸಿಯಂ ಅವಶೇಷದ ಹತ್ತಿರ ಒಂದು ಲಾಯ ಇದೆ, ಔಟ್‌ಸ್ಕರ್ಟ್ ಅಂತ. ಅಲ್ಲಿ ಟೊಫಾ ಅನ್ನುವ ಮುದುಕ. ಹಿಂದೆ ರಾಜಕುಮಾರಿ ಸವಾರಿ ಮಾಡುತ್ತಿದ್ದ ಬಿಳಿ ಕುದುರೆಯ ವಂಶದ್ದು ಒಂದು ಸಫುಲಾ ಗುಡ್ಡದಲ್ಲಿ ಇದೆಯಂತೆ, ಹಿಡಿದು ತಂದು ತೋರಿಸು ಅನ್ನುತ್ತಾನೆ. ಹಿಡಿದು ತಂದರೆ ರಾಜಮನೆತನದ ಜೀನು, ಲಗಾಮು ಕೊಡುತ್ತಾನೆ. ಬೆಳ್ಳಗೆ ಹಾಲಿನಂಥ ಮೈ, ಬಂಗಾರದ ಬಣ್ಣದ ಅಯಾಲು. ಹಿಡಿದೆ. ಅದಕ್ಕಿಂತ ಮುಂಚೆಯೇ ತಬಾಬ್ ಹುಲ್ಲುಗಾವಲಲ್ಲಿ ಒಂಟಿಯಾಗಿ ಮೇಯುವ ಆನೆಯಂಥ ದೈತ್ಯ ಕುದುರೆಯನ್ನೂ ಹಿಡಿದಿದ್ದೆ, ಅದನ್ನು ಬಿಡೋದು ಸಾಧ್ಯವಿರಲಿಲ್ಲ. ಇನ್ನು ಮೂರರಲ್ಲಿ ಎರಡು ಜೋರು ಓಟದವು. ಐದನೆಯದು ಚುಕ್ಕಿ. ಬಿಳಿಯದನ್ನು ಬರೆಸಬೇಕಾದರೆ ಒಂದನ್ನು ಬಿಡಬೇಕು. ಅಂಕಿ ನೋಡಿದರೆ ಯಾರನ್ನು ಅನ್ನುವುದರಲ್ಲಿ ಅನುಮಾನವೇ ಇಲ್ಲ. ಶಕ್ತಿಯಲ್ಲೂ ವೇಗದಲ್ಲೂ ಎಲ್ಲಕ್ಕಿಂತ ಕಡಿಮೆ ಅವಳೇ. 'ಎರಡು ಸ್ಟಾರ್ ಕುದುರೆ ಇಟ್ಕೊಂಡು ಏನ್ ಮಾಡ್ತೀಯಾ ಅಕ್ಕಾ' ಅಂತ ತಮ್ಮ ಕೇಳಿದ. ಕಪ್ಪು ಕುದುರೆಗಾಗಿ ಎರಡು ರಾತ್ರಿ ನಿದ್ದೆಗೆಟ್ಟವನು!

ನಾನು ಉತ್ತರ ಹುಡುಕಿದ್ದು ಪಕ್ಕದ ಸಾನಿಡಿನ್ ಉದ್ಯಾನದಲ್ಲಿ. ಸಫುಲಾ ಗುಡ್ಡಕ್ಕೆ ಅಂಟಿಕೊಂಡೇ ಇರುವ ಹಾಳು ಉದ್ಯಾನ, ಕುದುರೆಯ ಒಂದು ಕಲ್ಲಿನ ಪ್ರತಿಮೆ. ಲಿಂಕ್ ಅಲ್ಲಿ ನಿಂತರೆ ಹಳೆಯ ನೆನಪೊಂದು ಬಿಚ್ಚಿಕೊಳ್ಳುತ್ತೆ. ಝೆಲ್ಡಾ ಬಿಳಿ ಕುದುರೆ ಮೇಲೆ, ಲಿಂಕ್ ತನ್ನದರ ಮೇಲೆ. ಮೊದಲು ತನ್ನ ಕುದುರೆ ತನ್ನ ಮಾತು ಕೇಳುತ್ತಿರಲಿಲ್ಲ, ರಾಜಮನೆತನದ ಜೀನು ಇದಕ್ಕೆ ಹೊಂದುವುದಿಲ್ಲ ಅಂತ ಅನ್ನಿಸಿತ್ತು, ಅದನ್ನು ಸವರಿ ಸಮಾಧಾನ ಮಾಡು ಅಂದ ನಿನ್ನ ಮಾತು ಕೇಳಿದ ಮೇಲೆ ಸರಿಹೋಯಿತು ಅಂತ ಅವಳು ಹೇಳುತ್ತಾಳೆ. ಎಷ್ಟು ಪ್ರಾರ್ಥಿಸಿದರೂ ತನ್ನೊಳಗಿನ ಶಕ್ತಿ ಎಚ್ಚರಗೊಳ್ಳದೆ, ನಾನು ಈ ಕೆಲಸಕ್ಕೆ ಯೋಗ್ಯಳಲ್ಲವೇನೋ ಅಂತ ಒಳಗೊಳಗೇ ಕುದಿಯುತ್ತಿರುವ ಹುಡುಗಿ ಅವಳು. ದೂರದ ಲನೇರು ಬೆಟ್ಟ ನೋಡುತ್ತ ಆ ಮಾತಾಡುತ್ತಾಳೆ. ನಂಬಿಸಿ ಹೇಳುತ್ತೇನೆ, ಇಡೀ ಆಟದಲ್ಲಿ ಡ್ರ್ಯಾಗನ್ ಕಂಡಾಗಲೂ ನಾನು ಅಷ್ಟು ಹೊತ್ತು ಸುಮ್ಮನೆ ಕೂತಿರಲಿಲ್ಲ. ನೂರು ಸಲ ಒತ್ತಿದ್ದ ಆ ಎಡಗಡೆ ಗುಂಡಿ ಎಲ್ಲಿಂದ ಬಂತು ಅಂತ ಗೊತ್ತಾಯಿತು.

ಜೋರು ಓಟದವೆರಡರಲ್ಲಿ ಒಂದನ್ನು ಬಿಟ್ಟೆ. ಚುಕ್ಕಿ ಉಳಿದಳು.

ಕೊನೆಯವರೆಗೂ ಲಾಯಕ್ಕೆ ಸೇರದ ಸವಾರಿಗಳೂ ಇವೆ. ಜಿಂಕೆ, ಕರಡಿ ಮೇಲೂ ಕೂರಬಹುದು. ರಾತ್ರಿ ಎಲುಬಿನ ಕುದುರೆಗಳು ಏಳುತ್ತವೆ, ಬೆಳಗಾದರೆ ಮಾಯ. ಲಾಯದವರು ಇವನ್ನೆಲ್ಲ ಒಳಗೆ ಸೇರಿಸೋದಿಲ್ಲ. ಇನ್ನೊಂದು, ಸಟೋರಿ ಬೆಟ್ಟದ ಮೇಲೆ ಕೆಲವು ರಾತ್ರಿ ಮಾತ್ರ ದೂರಕ್ಕೆ ಬೆಳಕು ಕಾಣಿಸುತ್ತೆ. ಹೋದರೆ ಕೊಳದ ಹತ್ತಿರ ಮೈಯೆಲ್ಲ ತಿಳಿನೀಲಿ ಹೊಳೆಯುವ, ಗೂಬೆಯಂಥ ಮುಖದ, ಕುದುರೆಯೂ ಅಲ್ಲದ ಜಿಂಕೆಯೂ ಅಲ್ಲದ ಬೆಟ್ಟದೊಡೆಯ. ಇಡೀ ಆಟದಲ್ಲಿ ಅದರಷ್ಟು ಚೆನ್ನಾಗಿ ಓಡುವ ಸವಾರಿ ಇಲ್ಲ. ಇಳಿದರೆ ಇಲ್ಲ. 2015ರಲ್ಲಿ, ಈ ಆಟ ತಯಾರಾಗುತ್ತಿದ್ದಾಗಲೇ ತೀರಿಹೋದ ನಿಂಟೆಂಡೊ ಅಧ್ಯಕ್ಷ ಸಟೋರು ಇವಾಟಾ ಅವರ ನೆನಪಿಗೆ ಆ ಹೆಸರು ಅಂತ ಅಭಿಮಾನಿಗಳು ನಂಬುತ್ತಾರೆ. ನಾನೂ ನಂಬುತ್ತೇನೆ.

2023ರ ಮೇ 12ರಂದು ಮುಂದಿನ ಕಥೆ ಬಂತು, 'ಟಿಯರ್ಸ್ ಆಫ್ ದ ಕಿಂಗ್‌ಡಮ್'. ಅದೇ ಹೈರೂಲ್, ಕೆಲವು ವರ್ಷ ಕಳೆದಿದೆ, ಮೇಲೆ ಆಕಾಶದಲ್ಲಿ ದ್ವೀಪಗಳು ತೇಲುತ್ತಿವೆ, ಕೆಳಗೆ ಪಾತಾಳ ಬಾಯಿಬಿಟ್ಟಿದೆ. ಇದರಲ್ಲಿ ಸಾಮಾನು ಅಂಟಿಸಿ ಗಾಡಿ ಮಾಡುವ ವಿದ್ಯೆ ಬೇರೆ ಇದೆ. ಎರಡು ಫ್ಯಾನು, ಒಂದು ಹ್ಯಾಂಡಲ್ ಅಂಟಿಸಿದರೆ ಹಾರುವ ಬೈಕು. ಬಿಡುಗಡೆಯಾದ ಸ್ವಲ್ಪ ದಿನಕ್ಕೇ ಎಲ್ಲರೂ ಅದರ ಮೇಲೇ ಓಡಾಡತೊಡಗಿದರು. ತಮ್ಮ ಮೊದಲನೇ ವಾರಾಂತ್ಯಕ್ಕೇ ಒಂದು ಮಾಡಿಕೊಂಡ. 'ಈಗೇನ್ ಹೇಳ್ತೀಯಾ?' ಅಂದ.

ನಾನು ಲಾಯಕ್ಕೆ ಹೋದೆ. ಅದೇ ಡೇರೆ, ಅದೇ ಮರದ ತಲೆ. ಹಳೇ ಆಟದ ಸೇವ್ ಅದೇ ಕನ್ಸೋಲಿನಲ್ಲಿ ಅದೇ ಖಾತೆಯಲ್ಲಿದ್ದರೆ ಹಿಂದೆ ಬರೆಸಿದ ಕುದುರೆಗಳು ಹೊಸ ಆಟದ ಲಾಯಕ್ಕೆ ಬಂದಿರುತ್ತವೆ. ಪಟ್ಟಿ ತೆಗೆದರೆ ಇಂಗ್ಲಿಷ್ ಅಕ್ಷರದಲ್ಲಿ ಚುಕ್ಕಿ. ಅದೇ ಮಚ್ಚೆ, ಅದೇ ಎರಡು ನಕ್ಷತ್ರ. ನಂಟಿನ ಗೆರೆ ತುಂಬಿಯೇ ಇತ್ತು.

ಹೊಸ ಆಟದಲ್ಲಿ ಲಾಯಕ್ಕೆ ಬಂದುಹೋದ ಹಾಗೆ, ರಾತ್ರಿ ತಂಗಿದ ಹಾಗೆ ಅಂಕ ಕೊಡುತ್ತಾರೆ, ಅದಕ್ಕೆ ಬದಲಾಗಿ ಗಾಡಿ ಕಟ್ಟುವ ಎಳೆಸರಂಜಾಮು ಸಿಗುತ್ತೆ. ಕಾಡಿನಂಚಿನ ವುಡ್‌ಲ್ಯಾಂಡ್ ಲಾಯದ ಹತ್ತಿರ ವಾದ್ಯಗಾರರ ತಂಡವೊಂದು ಗಾಡಿ ಕೆಟ್ಟು ನಿಂತಿರುತ್ತೆ. ಗುಡ್ಡದ ಮೇಲೆ ಹೆದರಿ ಮೊಗ್ಗಿನೊಳಗೆ ಅಡಗಿ ಕೂತ ದೊಡ್ಡ ಯಕ್ಷಿಗೆ ಇವರ ಸಂಗೀತ ಕೇಳಿಸಿದರೆ ಮಾತ್ರ ಅವಳು ಹೊರಗೆ ಬರುತ್ತಾಳೆ. ಗಾಡಿಗೆ ಚಕ್ರ ಅಂಟಿಸಿ, ಚುಕ್ಕಿಯನ್ನು ಹೂಡಿದೆ. ನಾಗಾಲೋಟ ಹೊಡೆಸಿದರೆ ಗಾಡಿ ಮಗುಚುತ್ತೆ, ಒಳಗೆ ಕೂತವರು ಕಿರುಚುತ್ತಾರೆ. ಆದ್ದರಿಂದ ನಿಧಾನ, ಕಾಲುನಡಿಗೆಯ ವೇಗ. ಮಳೆ ಬೇರೆ ಹಿಡಿದುಕೊಂಡಿತು. ಮೇಲಿಂದ ಹಾರುವ ಬೈಕಿನಲ್ಲಿ ಹೋದರೆ ಅರ್ಧ ನಿಮಿಷದ ದಾರಿ.

'ಬಲಗಡೆ ಚಕ್ರ ಅಲ್ಲಾಡ್ತಿದೆ ನೋಡು' ಅಂದ ತಮ್ಮ, ಪಕ್ಕದಲ್ಲಿ ಬಂದು ಕೂತು.